ಹೊಳಪಿಗೆ ಎಷ್ಟು, ತುಕ್ಕಿಗೆ ಎಷ್ಟು: ಹಳೇ ಬ್ರಿಟಿಷ್ ಬೈಕುಗಳ ಬೆಲೆಯ ಬಗ್ಗೆ

(ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇರುವ ಕೆಲವು ಕನ್ನಡ ಕುಟುಂಬಗಳು ಭಾನುವಾರ ಸೇರಿದ್ದಾಗ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಪಕ್ಕ ನಿಂತಿರುವ ಕಡುಗೆಂಪು ಗಾಡಿಯನ್ನು ನೋಡಿರುತ್ತೀರಿ. ಅದರ ಕೆಳಗೆ ರಟ್ಟು ಹಾಸಿರುವುದನ್ನೂ ನೋಡಿರುತ್ತೀರಿ. ಬೆಳಿಗ್ಗೆ ಹಾಸುವಾಗ ರಟ್ಟು ಚೊಕ್ಕಟವಾಗಿತ್ತು. ಈಗ ಅದರ ಮೇಲೆ ರೂಪಾಯಿ ಅಗಲದ ಎಣ್ಣೆ ಕಲೆ ಇದೆ. ಗಾಬರಿ ಬೇಡ. ಎಣ್ಣೆ ತೊಟ್ಟಿಕ್ಕುತ್ತಿದೆ ಅಂದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ. ಇದು ಇಲ್ಲಿನ ಹಳಬರ ಜೋಕು, ನನ್ನದಲ್ಲ.

ಅದು 1955ರ ಬಿಎಸ್‌ಎ ಬಿ31. 350 ಸಿಸಿ, ಒಂದೇ ಸಿಲಿಂಡರು. ಇಲ್ಲಿಂದ ಹೆಚ್ಚು ದೂರವಿಲ್ಲದ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಲ್ಲಿ ಮಾಡಿದ್ದು. ಟೀ ಕುಡಿಯುವಾಗ ಮೂರು ಜನ ಬಂದು ಒಂದೇ ಪ್ರಶ್ನೆ ಕೇಳಿದರು: "ಸಾರ್, ಇದಕ್ಕೆ ಈಗ ಎಷ್ಟಾಗುತ್ತೆ?" ಒಂದು ಸಂಖ್ಯೆ ಹೇಳಿ ಮುಗಿಸಬಹುದಿತ್ತು. ಆದರೆ ಆ ಸಂಖ್ಯೆ ಎಲ್ಲಿಂದ ಬರುತ್ತೆ ಅನ್ನುವುದೇ ಇವತ್ತಿನ ಮಾತು. ಅದಕ್ಕೇ ಅವರಿಗೆ ಉತ್ತರ ಕೊಡದೆ ಇಲ್ಲಿ ಬಂದು ನಿಂತಿದ್ದೇನೆ.

ನಾನು ಮೈಸೂರಿನವನು. ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು. ನಮ್ಮ ಕಡೆ ಹಳೇ ಗಾಡಿ ಮಾರುವಾಗ ಒಂದೇ ಮಾತು ಇತ್ತು: "ಕಂಡಿಷನ್ ಚೆನ್ನಾಗಿದೆ." ಏನು ಹಾಗಂದರೆ? ಪೇಂಟು ಚೆನ್ನಾಗಿದೆ, ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತೆ, ಅಷ್ಟೇ. ಈ ದೇಶಕ್ಕೆ ಬಂದು ಹಳೇ ಬ್ರಿಟಿಷ್ ಬೈಕುಗಳ ಹುಚ್ಚು ಹಿಡಿದ ಮೇಲೆ ಗೊತ್ತಾಯಿತು, ಕಂಡಿಷನ್ ಅನ್ನುವುದು ಅಷ್ಟು ಸುಲಭದ ಮಾತಲ್ಲ ಅಂತ. ಅದನ್ನು ಕಲಿಯಲು ನಾನು ಕಟ್ಟಿದ ಫೀಸು ಬಾಗಿಲ ಹತ್ತಿರ ನಿಂತಿದೆ.

ಆ ಬಿ31 ನನ್ನ ಮನೆಗೆ ಬಂದಾಗ ಗಾಡಿಯಾಗಿರಲಿಲ್ಲ. ಫ್ರೇಮು, ಎರಡು ಚಕ್ರ, ಐದು ರಟ್ಟಿನ ಡಬ್ಬ. ಯಾರೋ ಪುಣ್ಯಾತ್ಮರು ಬಿಚ್ಚಿ, ಜೋಡಿಸಲು ಮರೆತು, ಇಪ್ಪತ್ತು ವರ್ಷ ಶೆಡ್ಡಿನಲ್ಲಿಟ್ಟಿದ್ದರು. 1,100 ಪೌಂಡ್ ಕೊಟ್ಟೆ. ಬಹಳ ಅಗ್ಗ ಅನ್ನಿಸಿತು. ಓಡುವ ಬಿ31ಗೆ ಆಗ ಮೂರು ಸಾವಿರದ ಹತ್ತಿರ ಕೇಳುತ್ತಿದ್ದರು. ಎರಡು ಸಾವಿರದ ಅಂತರ ಇದೆ, ನಾನೇ ಕೂತು ಜೋಡಿಸಿದರೆ ಲಾಭ ಅಂದುಕೊಂಡೆ.

ನನ್ನ ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟಿದ್ದಾಳೆ. ನಾನು ಬರೆಯಲಿಲ್ಲ, ಬರೆದರೆ ನಿಜ ಗೊತ್ತಾಗುತ್ತೆ ಅಂತ. ಎಂಜಿನ್ನಿಗೆ ಹೊಸ ಬಿಗ್ ಎಂಡ್ ಬೇರಿಂಗು, ಸಿಲಿಂಡರಿನ ಬೋರು, ಪಿಸ್ಟನ್ ಸೇರಿ 900. ಮ್ಯಾಗ್‌ಡೈನೊ ಅಂತ ಒಂದಿದೆ, ಕಿಡಿ ಕೊಡುವ ಮ್ಯಾಗ್ನೆಟೊ ಮತ್ತು ಕರೆಂಟು ಕೊಡುವ ಡೈನಮೊ ಎರಡೂ ಒಂದೇ ಗಂಟು, ಲ್ಯೂಕಾಸ್ ಕಂಪನಿಯದು. ಅದರ ವೈಂಡಿಂಗು ಹೊಸದಾಗಿ ಸುತ್ತಿಸಲು 450. ಎರಡೂ ಚಕ್ರಕ್ಕೆ ರಿಮ್ಮು, ಸ್ಪೋಕು 600. ಟ್ಯಾಂಕಿಗೆ ಕ್ರೋಮು ಮತ್ತು ಪೇಂಟು 550. ಫ್ರೇಮಿನ ಪೇಂಟು 450. ಗೇರ್‌ಬಾಕ್ಸಿನ ಬೇರಿಂಗು, ಸೀಟು, ಸೈಲೆನ್ಸರು ಸೇರಿ 550. ಕೊನೆಯ ಸಾಲು ನೋಡಿ: "ನಟ್ಟು, ಬೋಲ್ಟು, ಟೈರು, ಕೇಬಲ್ಲು, ಇತರೆ: 900." ಆ 'ಇತರೆ' ಇದೆಯಲ್ಲ, ಮನೆ ಕಟ್ಟಿಸಿದವರಿಗೆ ಅದರ ರುಚಿ ಗೊತ್ತು.

ಒಟ್ಟು 4,400. ಮೊದಲು ಕೊಟ್ಟ 1,100 ಸೇರಿದರೆ 5,500. ಇವತ್ತು ಆ ಗಾಡಿ ಮಾರಿದರೆ ಬಹಳ ಅಂದರೆ 4,200 ಬರಬಹುದು. ಎರಡು ವರ್ಷದ ಶನಿವಾರಗಳಿಗೆ ಕೂಲಿ ಸೊನ್ನೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ.

ಈಗ ಅದೇ ಸ್ಮಾಲ್ ಹೀತ್ ಕಾರ್ಖಾನೆಯ ಇನ್ನೊಂದು ಗಾಡಿ ತೆಗೆದುಕೊಳ್ಳಿ. ಗೋಲ್ಡ್ ಸ್ಟಾರ್. 1937ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ವಾಲ್ ಹ್ಯಾಂಡ್ಲಿ ಅನ್ನುವ ಸವಾರ ಬಿಎಸ್‌ಎ ಎಂಪೈರ್ ಸ್ಟಾರ್ ಮೇಲೆ ಗಂಟೆಗೆ 100 ಮೈಲಿಗಿಂತ ಜೋರಾಗಿ ಸುತ್ತು ಹೊಡೆದ. ಹಾಗೆ ಹೊಡೆದವರಿಗೆ ಅಲ್ಲಿ ಬಂಗಾರದ ನಕ್ಷತ್ರದ ಬ್ಯಾಡ್ಜು ಕೊಡುತ್ತಿದ್ದರು. ಗಾಡಿಯ ಹೆಸರು ಬಂದದ್ದು ಅದರಿಂದ. ಆ ಸಾಲಿನ ಕೊನೆಯ ದೊಡ್ಡ ಹೆಸರು ಡಿಬಿಡಿ34, 500 ಸಿಸಿ, 1956ರಿಂದ 1963ರವರೆಗೆ ಬಂತು. ದೂರದಿಂದ ನೋಡಿದರೆ ನನ್ನ ಬಿ31ಗೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಒಂದೇ ಜಾತಿಯ ಫ್ರೇಮು, ಒಂದೇ ರೀತಿ ನಿಂತ ಒಂಟಿ ಸಿಲಿಂಡರು.

ಅದನ್ನೂ ಡಬ್ಬದಲ್ಲಿ ತಂದು ಜೋಡಿಸಿದರೆ ಖರ್ಚು ಎಷ್ಟು? ಸ್ಪೋಕಿಗೆ ಅದೇ ದುಡ್ಡು. ಮ್ಯಾಗ್ನೆಟೊಗೆ ಅದೇ ದುಡ್ಡು. ಕ್ರೋಮ್ ಮಾಡುವವನು "ಇದು ಗೋಲ್ಡ್ ಸ್ಟಾರ್ ಟ್ಯಾಂಕು" ಅಂತ ಬೇರೆ ರೇಟು ಹಾಕಲ್ಲ. ಕಾರ್ಬುರೇಟರು, ಗೇರ್‌ಬಾಕ್ಸು ಸ್ವಲ್ಪ ದುಬಾರಿ. ಆರು ಸಾವಿರ ಅಂತಿಟ್ಟುಕೊಳ್ಳಿ. ಆದರೆ ಕೊನೆಗೆ ಕೈಯಲ್ಲಿರುವ ಗಾಡಿಗೆ ಹದಿನೈದು ಸಾವಿರ ಸಿಗುತ್ತೆ, ಚರಿತ್ರೆ ಚೆನ್ನಾಗಿದ್ದರೆ ಇನ್ನೂ ಮೇಲೆ.

ಬೆಲೆ ಪಟ್ಟಿ ಮಾಡುವವರು ಸಾಮಾನ್ಯವಾಗಿ ನಾಲ್ಕು ಮೆಟ್ಟಿಲು ಮಾಡುತ್ತಾರೆ. ಪ್ರದರ್ಶನಕ್ಕೆ ಇಡುವಂಥದ್ದು, ಚೆನ್ನಾಗಿರುವುದು, ಓಡುವಂಥದ್ದು, ಡಬ್ಬದಲ್ಲಿರುವುದು. ಮೆಟ್ಟಿಲೇನೋ ನಾಲ್ಕೇ. ಆದರೆ ಒಂದೊಂದು ಗಾಡಿಗೆ ಮೆಟ್ಟಿಲಿನ ಎತ್ತರ ಬೇರೆ. ನಾನು ಇತ್ತೀಚೆಗೆ ನೋಡಿದ ಬೆಲೆಗಳ ಮೇಲೆ ಕಣ್ಣಂದಾಜು ಹೇಳುತ್ತೇನೆ. ಬಿ31 ಡಬ್ಬದಲ್ಲಿ ಒಂದು ಸಾವಿರ, ಮೇಲಿನ ಮೆಟ್ಟಿಲಲ್ಲಿ ನಾಲ್ಕು ಚಿಲ್ಲರೆ. ಬ್ಯಾಂಟಮ್ ಅಂತ ಪುಟ್ಟ ಟೂ ಸ್ಟ್ರೋಕ್ ಇದೆ, ಯುದ್ಧ ಸೋತ ಜರ್ಮನಿಯಿಂದ ಪರಿಹಾರವಾಗಿ ತಂದ, ಡಿಕೆಡಬ್ಲ್ಯೂ ಕಂಪನಿಯ ನಕ್ಷೆಯ ಮೇಲೆ ಬಿಎಸ್‌ಎಯವರು ಮಾಡಿದ್ದು. ಅದು ಐನೂರರಿಂದ ಎರಡೂವರೆ ಸಾವಿರ. ಟ್ರಯಂಫ್ ಬಾನವಿಲ್ ಟಿ140, 1973ರ ನಂತರದ 750, ಅದು ಎರಡು ಸಾವಿರದಿಂದ ಆರೇಳು ಸಾವಿರ. ಗೋಲ್ಡ್ ಸ್ಟಾರ್ ಡಬ್ಬದಲ್ಲೇ ಆರೇಳು ಸಾವಿರದಿಂದ ಶುರು.

ಅಂದರೆ ರಿಪೇರಿಯ ಖರ್ಚು ಎಲ್ಲಾ ಗಾಡಿಗೂ ಹೆಚ್ಚುಕಡಿಮೆ ಒಂದೇ, ಸಿಗುವ ಬೆಲೆ ಮಾತ್ರ ಬೇರೆ. ಸಾಧಾರಣ ಗಾಡಿ ಬೇಕೇ? ಬೇರೆ ಯಾರೋ ದುಡ್ಡು ಸುರಿದು, ಸುಸ್ತಾಗಿ ಮಾರುತ್ತಿರುವುದನ್ನು ತೆಗೆದುಕೊಳ್ಳಿ. ಅವರ ನಷ್ಟ ನಿಮ್ಮ ಲಾಭ. ನನ್ನ ಗಾಡಿಯೂ ಒಂದಿನ ಹಾಗೇ ಹೋಗುತ್ತೆ, ಆಗ ಬನ್ನಿ.

ಗೋಲ್ಡ್ ಸ್ಟಾರ್ ವಿಷಯಕ್ಕೆ ವಾಪಸ್ ಬರುತ್ತೇನೆ. ನಾಲ್ಕು ಸಾವಿರದ ಗಾಡಿಗೂ ಹದಿನೈದು ಸಾವಿರದ ಗಾಡಿಗೂ ಇಷ್ಟು ಹೋಲಿಕೆ ಇದ್ದರೆ ಏನಾಗುತ್ತೆ? ಜನ ತಮ್ಮನನ್ನೇ ಅಣ್ಣ ಮಾಡಿ ಮಾರುತ್ತಾರೆ. ಟ್ಯಾಂಕು ಬದಲಾಯಿಸಿ, ಬ್ಯಾಡ್ಜು ಅಂಟಿಸಿ, ಸೈಲೆನ್ಸರು ಹಾಕಿದರೆ ಮುಗಿಯಿತು. ಅದಕ್ಕೇ ತಿಳಿದವರು ಗೋಲ್ಡ್ ಸ್ಟಾರ್ ನೋಡಲು ಹೋದರೆ ಮೊದಲು ಟ್ಯಾಂಕು ನೋಡಲ್ಲ. ಬಲಗಡೆ ನೆಲಕ್ಕೆ ಕೂರುತ್ತಾರೆ. ಎಂಜಿನ್ನಿನ ಕೆಳಗೆ ಹಾದುಹೋಗುವ ಫ್ರೇಮಿನ ಪೈಪನ್ನು ಕೈಯಲ್ಲಿ ಸವರುತ್ತಾರೆ. ನಿಜವಾದ ಗೋಲ್ಡ್ ಸ್ಟಾರ್ ಫ್ರೇಮಿನಲ್ಲಿ ಆಯಿಲ್ ಪಂಪಿಗೆ ಜಾಗ ಬಿಡಲು ಆ ಪೈಪು ಒಂದು ಕಡೆ ಒಳಕ್ಕೆ ಬಾಗಿರುತ್ತೆ. ಬಿ31ರಲ್ಲಿ ನೇರವಾಗಿರುತ್ತೆ. ಆಮೇಲೆ ಫ್ರೇಮ್ ನಂಬರು: ಡಿಬಿಡಿ34 ಆದರೆ ಸಿಬಿ32 ಅಂತ ಶುರುವಾಗಬೇಕು. ಸಾವಿರಾರು ಪೌಂಡಿನ ವ್ಯತ್ಯಾಸ ಬೆರಳಿಗೆ ಸಿಗುವ ಒಂದು ಡೊಂಕಿನಲ್ಲಿದೆ!

ವಿನ್ಸೆಂಟ್ ಗಾಡಿಗಳಲ್ಲಿ ಇದು ಇನ್ನೂ ಮಜವಾಗಿದೆ. ಲಂಡನ್ನಿನ ಉತ್ತರಕ್ಕೆ ಸ್ಟೀವನೇಜ್ ಅಂತ ಊರು. ಅಲ್ಲಿ 1955ರವರೆಗೆ 998 ಸಿಸಿಯ ವಿ ಆಕಾರದ ಎಂಜಿನ್ನಿನ ಬೈಕು ಮಾಡುತ್ತಿದ್ದರು. ರ‍್ಯಾಪಿಡ್ ಅಂತ ಒಂದು, ಅದನ್ನೇ ಚುರುಕು ಮಾಡಿ, ಎಂಜಿನ್ನಿಗೆ ಕಪ್ಪು ಬಣ್ಣ ಕೊಟ್ಟ ಬ್ಲ್ಯಾಕ್ ಶ್ಯಾಡೊ ಇನ್ನೊಂದು. ಶ್ಯಾಡೊ ಆ ಕಾಲಕ್ಕೆ ಗಂಟೆಗೆ 125 ಮೈಲಿ ಹೋಗುತ್ತಿತ್ತು. ಊಟದ ತಟ್ಟೆಯಂಥ ಸ್ಪೀಡೊಮೀಟರು, 150ರವರೆಗೆ ಅಂಕಿ. ಶ್ಯಾಡೊ ಬೆಲೆ ರ‍್ಯಾಪಿಡ್‌ಗಿಂತ ಹೆಚ್ಚುಕಡಿಮೆ ದುಪ್ಪಟ್ಟು. ಎಂಜಿನ್ನಿನ ಮೇಲೆ ರ‍್ಯಾಪಿಡ್‌ಗೆ ಎಫ್10ಎಬಿ/1 ಅಂತ ಹೊಡೆದಿರುತ್ತಾರೆ, ಶ್ಯಾಡೊಗೆ ಎಫ್10ಎಬಿ/1ಬಿ. ಕೊನೆಗೆ ಒಂದು 'ಬಿ'. ಆ ಒಂದು ಅಕ್ಷರ ಹೊಡೆಯಲು ಬೇಕಾದ್ದು ಒಂದು ಪಂಚು, ಒಂದು ಸುತ್ತಿಗೆ. ಆದ್ದರಿಂದ ನಂಬರುಗಳ ಲೆಕ್ಕವೂ ತಾಳೆಯಾಗಬೇಕು. ಯುದ್ಧದ ನಂತರದ ಈ ಜೋಡಿ ಸಿಲಿಂಡರಿನ ಗಾಡಿಗಳಲ್ಲಿ ಫ್ರೇಮ್ ನಂಬರಿನಿಂದ ಎಂಜಿನ್ ನಂಬರ್ ಕಳೆದರೆ 1900 ಉಳಿಯಬೇಕು. ಉಳಿಯದಿದ್ದರೆ ಯಾವುದೋ ಕಾಲದಲ್ಲಿ ಒಂದರ ತಲೆ ಇನ್ನೊಂದರ ಮುಂಡ ಸೇರಿದೆ ಅಂತ. ಗಾಡಿ ಚೆನ್ನಾಗಿಯೇ ಓಡಬಹುದು. ಬೆಲೆ ಇಳಿಯುತ್ತೆ.

ಟ್ರಯಂಫ್‌ನಲ್ಲಿ ಇನ್ನೊಂದು ಪದ್ಧತಿ. ಕಾವೆಂಟ್ರಿ ಪಕ್ಕದ ಮೆರಿಡನ್ ಕಾರ್ಖಾನೆಯಲ್ಲಿ ಎಂಜಿನ್ನಿಗೂ ಫ್ರೇಮಿಗೂ ಒಂದೇ ನಂಬರು ಹೊಡೆಯುತ್ತಿದ್ದರು. ಬಾನವಿಲ್ ಟಿ120ಗೆ ಎರಡು ಕಾರ್ಬುರೇಟರು, ಅದರ ತಮ್ಮ ಟಿಆರ್6ಗೆ ಒಂದು. ಟಿಆರ್6ಗೆ ಇನ್ನೊಂದು ಕಾರ್ಬುರೇಟರು ಹಾಕಿ, ನಂಬರು ಉಜ್ಜಿ, ಟಿ120 ಅಂತ ಹೊಡೆದು ಮಾರಿದವರು ಬೇಕಾದಷ್ಟು ಜನ. 1969ರಿಂದ ಕಂಪನಿಯವರು ನಂಬರು ಹೊಡೆಯುವ ಜಾಗದಲ್ಲಿ ಸಣ್ಣ ಸಣ್ಣ ಟ್ರಯಂಫ್ ಗುರುತುಗಳನ್ನು ಉಬ್ಬಿಸಿ ಅಚ್ಚು ಹಾಕಿದರು. ಉಜ್ಜಿದರೆ ಅದೂ ಹೋಗುತ್ತೆ, ಕಳ್ಳ ಸಿಕ್ಕಿಬೀಳುತ್ತಾನೆ. ಅದಕ್ಕೇ 1969ರ ನಂತರದ ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಟಾರ್ಚು ಇರಲಿ.

ಈಗ ಒಂದು ಸ್ವಲ್ಪ ಮುಜುಗರದ ಮಾತು.

ಎರಡನೇ ಮಹಾಯುದ್ಧಕ್ಕೆ ಬಿಎಸ್‌ಎಯವರು ಎಂ20 ಅನ್ನುವ ಮಾಡೆಲ್ಲನ್ನು ಸುಮಾರು 1 ಲಕ್ಷ 26 ಸಾವಿರ ಮಾಡಿಕೊಟ್ಟರು. 500 ಸಿಸಿ, ವಾಲ್ವು ಸಿಲಿಂಡರಿನ ಪಕ್ಕದಲ್ಲಿರುವ ಸೈಡ್ ವಾಲ್ವ್ ಎಂಜಿನ್ನು, ಎಮ್ಮೆಯ ಹಾಗೆ. ನಿಧಾನ, ಆದರೆ ನಿಲ್ಲಲ್ಲ. ಅವುಗಳಲ್ಲಿ ಸಾಕಷ್ಟು ನಮ್ಮ ದೇಶದಲ್ಲೇ ಉಳಿದವು. ಬೆಂಗಳೂರಿನಲ್ಲಿ ಈಗಲೂ ವಿಂಟೇಜ್ ರ‍್ಯಾಲಿ ನಡೆದರೆ ಒಂದಾದರೂ ಎಂ20 ಕಾಣಿಸುತ್ತೆ. ಬಿಡಿಭಾಗ ಸಿಗದ ಕಾಲದಲ್ಲಿ ನಮ್ಮ ಮೆಕ್ಯಾನಿಕ್‌ಗಳು ಲೇತಿನಲ್ಲಿ ಮಾಡಿ, ಕೈಯಲ್ಲಿ ಬಡಿದು, ಬೇರೆ ಗಾಡಿಯದನ್ನು ಹೊಂದಿಸಿ ಅವನ್ನು ಐವತ್ತು ವರ್ಷ ಓಡಿಸಿದರು. ನನಗೆ ಅದರ ಬಗ್ಗೆ ಹೆಮ್ಮೆಯೇ ಇದೆ. ಮುಜುಗರ ಆಮೇಲಿನದು. ಅಂಥ ಗಾಡಿಗಳಿಗೆ ಹೊಸ ಪೇಂಟು ಬಳಿದು, "ಪೂರ್ತಿ ರಿಸ್ಟೋರ್ ಮಾಡಿದ್ದು" ಅಂತ ಕಂಟೇನರಿನಲ್ಲಿ ಇಲ್ಲಿಗೆ ಕಳಿಸುವ ವ್ಯಾಪಾರ ನಡೆಯಿತು. ಇಲ್ಲಿನ ಹಳೇ ಬೈಕಿನವರ ಬಾಯಲ್ಲಿ 'ಇಂಡಿಯಾದಿಂದ ಬಂದಿದ್ದು' ಅನ್ನುವ ಮಾತೇ ಒಂದು ಎಚ್ಚರಿಕೆ ಆಗಿಬಿಟ್ಟಿದೆ.

ಅಂಥದ್ದೊಂದನ್ನು ಹತ್ತಿರದಿಂದ ನೋಡಿದ್ದೇನೆ. ಒಬ್ಬ ಸ್ನೇಹಿತರು ಕೊಳ್ಳುವ ಮುಂಚೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಮಿಲಿಟರಿ ಹಸಿರು, ಫಳಫಳ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಅದು ಮೊದಲ ಸಂಶಯ. ಎಂಜಿನ್ ಬಿಸಿಯಿದ್ದರೆ ಎಲ್ಲಾ ಗಾಡಿಯೂ ಒಂದೇ ಕಿಕ್ಕಿಗೆ ಹೊರಡುತ್ತೆ. ಕೊಳ್ಳುವವರು ಹೋದಾಗ ಎಂಜಿನ್ ತಣ್ಣಗಿರಬೇಕು. ಆಮೇಲೆ ಟ್ಯಾಂಕಿನ ಕೆಳಗೆ ಬೆರಳು ಹಾಕಿದೆ. ಅಂಚೆಲ್ಲ ಪುಟ್ಟಿ, ತಗಡು ತೆಳು. ಹ್ಯಾಂಡಲ್ ಹಿಡಿದು ಮುಂದಿನ ಬ್ರೇಕು ಒತ್ತಿ ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಫೋರ್ಕಿನಲ್ಲಿ ಟಕ್ ಟಕ್. ಚಕ್ರ ಎತ್ತಿ ತಿರುಗಿಸಿದರೆ ಎಂಟರ ಆಕಾರ. ಹೊರಗೆ ಥಳಕು, ಒಳಗೆ ಹುಳುಕು. ಸ್ನೇಹಿತರು ಕೊಳ್ಳಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ಅವತ್ತೇ ಕೊಂಡರು, ಪೇಂಟು ನೋಡಿ.

ಇಲ್ಲೊಂದು ಸಣ್ಣ ಗುಟ್ಟು. ಗಾಡಿಯ ಹಿಂದಿನ ಮಾಲೀಕರು ಎಂಥವರು ಅಂತ ತಿಳಿಯಲು ಸ್ಕ್ರೂ ನೋಡಿ. ಹಳೇ ಬ್ರಿಟಿಷ್ ಗಾಡಿಗಳ ನಟ್ಟು ಬೋಲ್ಟು ಮಿಲಿಮೀಟರಿನದಲ್ಲ. ವಿಟ್‌ವರ್ತ್ ಅಂತ ಬೇರೆಯೇ ಅಳತೆ, ಅದಕ್ಕೆ ಬೇರೆಯೇ ಸ್ಪ್ಯಾನರು. ಅದಿಲ್ಲದವರು ಕೈಗೆ ಸಿಕ್ಕ ಸ್ಪ್ಯಾನರು ಹಾಕಿ ತಿರುಗಿಸುತ್ತಾರೆ. ನಟ್ಟಿನ ಮೂಲೆ ಸವೆದು ಗುಂಡಾಗುತ್ತೆ. ಚೈನ್‌ಕೇಸಿನ ಸ್ಕ್ರೂ ತಲೆ ಕಿತ್ತುಬಂದಿರುತ್ತೆ. ಹೊರಗಿನ ಸ್ಕ್ರೂಗೇ ಈ ಗತಿ ಬಂದಿದ್ದರೆ ಒಳಗಿನದರ ಗತಿ ಏನು? ಟ್ರಯಂಫ್ ಆದರೆ ಇನ್ನೊಂದು ಕೆಲಸ ಮಾಡಿ. ಎಂಜಿನ್ ಓಡುವಾಗ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ. ಎಂಜಿನ್ನಿಂದ ವಾಪಸ್ ಬರುವ ಕೊಳವೆಯಲ್ಲಿ ಎಣ್ಣೆ ಬಿಟ್ಟುಬಿಟ್ಟು ಚಿಮ್ಮುತ್ತಿರಬೇಕು. ಬರದೇ ಇದ್ದರೆ ನಮಸ್ಕಾರ ಹೇಳಿ ಮನೆಗೆ ಬನ್ನಿ.

ಇಷ್ಟು ಹೊತ್ತು ಹೊಳಪನ್ನು ಬೈದೆ. ಈಗ ತುಕ್ಕಿನ ಕಡೆ ಬರೋಣ.

2016ರ ಏಪ್ರಿಲ್‌ನಲ್ಲಿ ಸ್ಟಾಫರ್ಡ್‌ನಲ್ಲಿ ಬಾನಮ್ಸ್ ಸಂಸ್ಥೆಯ ಹರಾಜು ನಡೆಯಿತು. ಕಾರ್ನ್‌ವಾಲಿನ ಬಾಡ್ಮಿನ್ ಮೂರ್ ಅನ್ನುವ ಕಡೆ ಕೊಟ್ಟಿಗೆಗಳಲ್ಲಿ ಐವತ್ತು ವರ್ಷಕ್ಕೂ ಜಾಸ್ತಿ ಬಿದ್ದಿದ್ದ ಎಂಟು ಬ್ರಫ್ ಸುಪೀರಿಯರ್ ಗಾಡಿಗಳು ಅಲ್ಲಿ ಬಂದವು. ಗಾಡಿಗಳು ಅನ್ನುವುದೂ ಹೆಚ್ಚಾಯಿತು. ಕೆಲವು ಬಿಡಿಬಿಡಿ ತುಂಡು, ಎಲ್ಲಾ ತುಕ್ಕು. ನಮ್ಮೂರ ಗುಜರಿಯವನು ತೂಕಕ್ಕೆ ಹಾಕುತ್ತಿದ್ದ. ಅದರಲ್ಲಿ 1938ರ ಬಿಎಸ್4 ಒಂದಿತ್ತು. ಆಸ್ಟಿನ್ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ ಕೂರಿಸಿ, ಹಿಂದೆ ಎರಡು ಚಕ್ರ ಅಕ್ಕಪಕ್ಕ ಜೋಡಿಸಿದ ವಿಚಿತ್ರ ಗಾಡಿ, ಮಾಡಿದ್ದೇ ಬೆರಳೆಣಿಕೆಯಷ್ಟು. ಅದು 3,31,900 ಪೌಂಡಿಗೆ ಹೋಯಿತು! ಹರಾಜಿನಲ್ಲಿ ಬ್ರಿಟಿಷ್ ಬೈಕಿಗೆ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಅದಕ್ಕೆ ಮುಂಚೆ, 2014ರಲ್ಲಿ, 1929ರ ಒಂದು ಬ್ರಫ್ ಎಸ್‌ಎಸ್100 ಗಾಡಿಗೆ 3,15,100 ಬಂದಿತ್ತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.

ಬ್ರಫ್ ಯಾಕೆ ಆನೆ? ನಾಟಿಂಗ್‌ಹ್ಯಾಮಿನಲ್ಲಿ ಜಾರ್ಜ್ ಬ್ರಫ್ ಅವುಗಳನ್ನು ಒಂದೊಂದಾಗಿ ಜೋಡಿಸಿ ಮಾರುತ್ತಿದ್ದರು. ಎಸ್‌ಎಸ್100 ಅಂದರೆ ಗಂಟೆಗೆ 100 ಮೈಲಿ ಹೋಗೇ ಹೋಗುತ್ತೆ ಅಂತ ಗ್ಯಾರಂಟಿ. 1924ರಿಂದ 1940ರವರೆಗೆ ಆದದ್ದು ನಾನೂರಕ್ಕೂ ಕಡಿಮೆ. ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದ ಟಿ. ಇ. ಲಾರೆನ್ಸ್ ಹತ್ತಿರ ಒಂದಾದ ಮೇಲೊಂದು ಏಳು ಬ್ರಫ್ ಇದ್ದವು. 1935ರಲ್ಲಿ ತೀರಿಕೊಂಡದ್ದೂ ಬ್ರಫ್ ಮೇಲೆ ಹೋಗುವಾಗ ಆದ ಅಪಘಾತದಿಂದ. ಇಂಥ ಗಾಡಿಯ ವಿಷಯದಲ್ಲಿ ಡಬ್ಬದ ಮೆಟ್ಟಿಲಿಗೂ ಪ್ರದರ್ಶನದ ಮೆಟ್ಟಿಲಿಗೂ ಇರುವ ಅಂತರ, ಒಟ್ಟು ಬೆಲೆಗೆ ಹೋಲಿಸಿದರೆ ಚಿಕ್ಕದು. ತುಕ್ಕು ತೆಗೆಯಲು ಜನ ಸಿಗುತ್ತಾರೆ. 1938ರ ಫ್ರೇಮನ್ನು ಇನ್ನೊಂದು ಸಲ ಯಾರು ಮಾಡಿಕೊಡುತ್ತಾರೆ?

ಆದರೆ ತುಕ್ಕಿನ ಬೆಲೆಗೆ ಇನ್ನೊಂದು ಕಾರಣವೂ ಇದೆ, ಅದು ಆನೆಗಳಿಗೆ ಮಾತ್ರ ಅಲ್ಲ. ಇಲ್ಲಿ 'ಆಯ್ಲಿ ರ‍್ಯಾಗ್' ಅಂತ ಒಂದು ಮಾತಿದೆ, ಎಣ್ಣೆ ಬಟ್ಟೆ ಗಾಡಿ ಅಂತ. ಕಾರ್ಖಾನೆಯಿಂದ ಬಂದ ಪೇಂಟೇ ಇರುತ್ತೆ, ಮಾಸಿರುತ್ತೆ. ಕ್ರೋಮು ಚುಕ್ಕಿಚುಕ್ಕಿ. ಬಂಗಾರದ ಗೆರೆ ಮೊಣಕಾಲು ತಾಗುವ ಕಡೆ ಅಳಿಸಿಹೋಗಿರುತ್ತೆ. ಯಾರೂ ರಿಸ್ಟೋರ್ ಮಾಡಿಲ್ಲ, ಆದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಓಡಿಸಿಕೊಂಡು ಬಂದಿದ್ದಾರೆ. ನಾನು ಬಂದ ಹೊಸದರಲ್ಲಿ ಇಂಥವನ್ನು ಕಂಡರೆ "ಪಾಪ, ಪೇಂಟಿಗೆ ದುಡ್ಡಿಲ್ಲ" ಅಂದುಕೊಳ್ಳುತ್ತಿದ್ದೆ. ಈಗ ನನ್ನ ಜೇಬಿನಲ್ಲಿ ದುಡ್ಡಿದ್ದರೆ ಹೊಳೆಯುವ ಗಾಡಿಗಿಂತ ಮೊದಲು ಅದರ ಕಡೆ ಹೋಗುತ್ತೇನೆ. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇರಲ್ಲ. ಯಾವ ಭಾಗ ಯಾವಾಗಿನದು ಅಂತ ಕಣ್ಣಿಗೆ ಕಾಣುತ್ತೆ. ಮತ್ತೆ, ಹೊಸ ಪೇಂಟು ಎಷ್ಟು ಸಲ ಬೇಕಾದರೂ ಹೊಡೆಸಬಹುದು, ಮೊದಲ ಪೇಂಟು ಒಂದೇ ಸಲ.

ಹಾಗಂತ ಕೊಟ್ಟಿಗೆಯಲ್ಲಿ ಸಿಕ್ಕಿದ್ದೆಲ್ಲ ಚಿನ್ನ ಅಲ್ಲ. ಈಗ 'ಬಾರ್ನ್ ಫೈಂಡ್' ಅನ್ನುವುದು ಫ್ಯಾಷನ್ ಆಗಿದೆ. ಸುಮ್ನೆ ಮಳೆಯಲ್ಲಿ ನೆನೆದ ಬ್ಯಾಂಟಮ್ಮಿಗೂ ಆ ಹೆಸರು ಹಚ್ಚುತ್ತಾರೆ. ತುಕ್ಕು ಮೇಲ್ಮೈಯಲ್ಲಿದ್ದರೆ ಚರಿತ್ರೆ, ಕಡ್ಡಿ ತೂರಿದರೆ ಆ ಕಡೆ ಹೋದರೆ ಗುಜರಿ.

ಇನ್ನು ಕಾಗದ ಪತ್ರ. ನನ್ನ ಪ್ರಕಾರ ಇದೂ ಕಂಡಿಷನ್ನೇ. ಎಂಜಿನ್ನಿನಷ್ಟೇ ಮುಖ್ಯ. ನಮ್ಮ ಆರ್‌ಸಿ ಬುಕ್ಕಿನ ಹಾಗೆ ಇಲ್ಲಿ ವಿ5ಸಿ. ಹಳೇ ಗಾಡಿಗಳಿಗೆ ಮುಂಚೆ ರಟ್ಟಿನ ಲಾಗ್‌ಬುಕ್ ಇರುತ್ತಿತ್ತು, ಪ್ರತಿ ಮಾಲೀಕರ ಹೆಸರಿಗೂ ಕಚೇರಿಯ ಮೊಹರು. 1983ರ ಹೊತ್ತಿಗೆ ಎಲ್ಲಾ ಗಾಡಿಗಳ ದಾಖಲೆಯೂ ಕಂಪ್ಯೂಟರಿಗೆ ಸೇರಬೇಕಿತ್ತು. ಶೆಡ್ಡಿನಲ್ಲಿ ಮಲಗಿದ್ದವು ಸೇರಲಿಲ್ಲ, ಅವುಗಳ ನಂಬರು ಬಿಟ್ಟುಹೋಯಿತು. ಈಗ ಆ ಗಾಡಿ ಎದ್ದರೆ ಹಳೇ ನಂಬರು ವಾಪಸ್ ಪಡೆಯಬಹುದು. ಅದಕ್ಕೆ ಆ ಲಾಗ್‌ಬುಕ್ ಥರದ ಹಳೇ ದಾಖಲೆ ಬೇಕು, ಹಳೇ ಗಾಡಿಗಳ ಕ್ಲಬ್ಬಿನವರು ನೋಡಿ ಸಹಿ ಹಾಕಬೇಕು. ದಾಖಲೆ ಇಲ್ಲದಿದ್ದರೆ ವಯಸ್ಸಿಗೆ ತಕ್ಕ ಬೇರೆ ನಂಬರು ಕೊಡುತ್ತಾರೆ. ಗಾಡಿ ಅದೇ, ಓಟ ಅದೇ, ಆದರೆ ಹುಟ್ಟಿದ ನಂಬರು ಇರುವುದಕ್ಕೆ ಜನ ಜಾಸ್ತಿ ಕೊಡುತ್ತಾರೆ. ನನ್ನ ಬಿ31ಗೆ ಆ ಹಳೇ ಪುಸ್ತಕ ಇರಲಿಲ್ಲ. ಐದು ಡಬ್ಬ ಕೊಟ್ಟವರು "ಎಲ್ಲೋ ಇತ್ತು, ಮನೆ ಕ್ಲೀನ್ ಮಾಡುವಾಗ ಹೋಯಿತು" ಅಂದರು.

ಇನ್ನೊಂದು ಬದಲಾವಣೆಯೂ ಇದಕ್ಕೆ ಸೇರಿಕೊಂಡಿದೆ. 2018ರ ಮೇ ತಿಂಗಳಿಂದ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಗಾಡಿಗಳಿಗೆ ಎಂಒಟಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆ, ಕಡ್ಡಾಯವಿಲ್ಲ. ಮಾಲೀಕರಿಗೆ ಖುಷಿ. ಕೊಳ್ಳುವವರಿಗೆ? ಮುಂಚೆ ವರ್ಷಕ್ಕೊಂದು ಚೀಟಿ ಇರುತ್ತಿತ್ತು, ಅದರಲ್ಲಿ ಎಷ್ಟು ಮೈಲಿ ಓಡಿದೆ ಅಂತಲೂ ಇರುತ್ತಿತ್ತು. ಈಗ ಅದಿಲ್ಲ. ಅದಕ್ಕೇ ಹಳೇ ಎಂಒಟಿ ಚೀಟಿಗಳ ಕಂತೆ ಇರುವ ಗಾಡಿ ಕಂಡರೆ ನಾನು ಕೂತು ಒಂದೊಂದಾಗಿ ಓದುತ್ತೇನೆ. ಮಾರುವವರಿಗೆ ಬೇಜಾರಾದರೂ ಪರವಾಗಿಲ್ಲ.

ಕೊನೆಯದಾಗಿ, ಈ ಬೆಲೆಗಳೆಲ್ಲ ಮೇಲೆ ಹೋಗುತ್ತಲೇ ಇರುತ್ತವಾ? ಹೂಡಿಕೆ ಅಂತ ಕೊಳ್ಳಬಹುದಾ? ಇಲ್ಲಿ ಕೂತಿರುವ ಲೆಕ್ಕಪರಿಶೋಧಕರೊಬ್ಬರು ಆಗಲೇ ಕೇಳಿದರು. ನನ್ನ ಅನಿಸಿಕೆ: ಬ್ರಫ್, ವಿನ್ಸೆಂಟ್ ಬಿಡಿ, ಅವು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. 2018ರಲ್ಲಿ 1951ರ ಒಂದು ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಅಮೆರಿಕದ ಲಾಸ್ ವೇಗಸ್‌ನಲ್ಲಿ 9,29,000 ಡಾಲರಿಗೆ ಹೋಯಿತು. ಅದರ ಪ್ರಪಂಚವೇ ಬೇರೆ. ಸಾಧಾರಣ ಗಾಡಿಗಳ ಬೆಲೆ ಮಾತ್ರ ನೆನಪಿನ ಮೇಲೆ ನಿಂತಿದೆ. ಹದಿನೆಂಟರಲ್ಲಿ ಆಸೆಪಟ್ಟು ಕೊಳ್ಳಲಾಗದ ಗಾಡಿಯನ್ನು ಜನ ಐವತ್ತೈದರಲ್ಲಿ ಕೊಳ್ಳುತ್ತಾರೆ. 1955ರಲ್ಲಿ ಬಿ31 ಆಸೆಪಟ್ಟವರಿಗೆ ಈಗ ತೊಂಬತ್ತರ ಹತ್ತಿರ. ಕಿಕ್ ಹೊಡೆಯಲು ಮಂಡಿ ಬಿಡಲ್ಲ. ಅವರ ಮಕ್ಕಳು ಆಸೆಪಟ್ಟದ್ದು ಹೊಂಡಾ, ಕವಾಸಾಕಿ. ಅದಕ್ಕೇ ಐವತ್ತರ ದಶಕದ ಸಾಮಾನ್ಯ ಗಾಡಿಗಳು ನಿಧಾನವಾಗಿ ಇಳಿಯುತ್ತಿವೆ ಅಂತ ನನಗೆ ಕಾಣುತ್ತೆ. ನಿಮಗೆ ಓಡಿಸುವ ಆಸೆ ಇದ್ದರೆ ಇದು ಒಳ್ಳೇ ಕಾಲ. ಹೂಡಿಕೆ ಬೇಕಾದರೆ ಸೈಟು ನೋಡಿ.

ಇನ್ನೊಂದು ತಮಾಷೆ. ಆ ಹಳೇ ಹೆಸರುಗಳಲ್ಲಿ ಕೆಲವು ಈಗ ನಮ್ಮವರ ಕೈಯಲ್ಲಿವೆ. ಬಿಎಸ್‌ಎ ಹೆಸರನ್ನು 2016ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕೊಂಡಿತು. ನಾರ್ಟನ್ ಕಂಪನಿಯನ್ನು 2020ರಲ್ಲಿ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ 1.6 ಕೋಟಿ ಪೌಂಡಿಗೆ ಕೊಂಡಿತು. ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆ 1967ರಲ್ಲೇ ಮುಚ್ಚಿದರೂ ಬುಲೆಟ್ ಮದ್ರಾಸಿನಲ್ಲಿ ಬದುಕಿಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ. ಹೆಸರು ಮಾರಾಟವಾಯಿತು ಅಂತ ಹಳೇ ಗಾಡಿಯ ಬೆಲೆ ಏರಿದ್ದನ್ನು ಮಾತ್ರ ನಾನು ನೋಡಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಬಹಳ ಜನ ಬುಲೆಟ್ ಬಗ್ಗೆಯೇ ಕೇಳಿದರು, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದ ಪ್ರಶ್ನೆ ಮಾತ್ರ ಬರೆಯಬೇಕು. ಅವರ ಪಕ್ಕದ ಮನೆಯಲ್ಲಿ ವಯಸ್ಸಾದ ಇಂಗ್ಲಿಷ್ ಅಜ್ಜಿ ಇದ್ದಾರಂತೆ. ಗಂಡ ತೀರಿಕೊಂಡು ಮೂರು ವರ್ಷ. ಶೆಡ್ಡಿನಲ್ಲಿ ಟಾರ್ಪಾಲ್ ಕೆಳಗೆ ಒಂದು ಟ್ರಯಂಫ್ ಇದೆ. ಯಾರೋ ಬಂದು ನೋಡಿ, "ಬರೀ ತುಕ್ಕು, ಐನೂರು ಪೌಂಡ್ ಕೊಡ್ತೀನಿ, ಇವತ್ತೇ ತಗೊಂಡು ಹೋಗ್ತೀನಿ" ಅಂದರಂತೆ. "ಮುಂದಿನ ವಾರ ನಮ್ಮ ಹುಡುಗರು ಹೋಗಿ ಅದನ್ನು ಚೆನ್ನಾಗಿ ತೊಳೆದು, ಬೆಳ್ಳಿ ಪೇಂಟು ಹೊಡೆದುಕೊಟ್ಟರೆ ಜಾಸ್ತಿ ಬರುತ್ತಾ ಸಾರ್?" ಅಂತ ಕೇಳಿದರು.

"ಅಮ್ಮಾ, ದಯವಿಟ್ಟು ತೊಳೆಯಬೇಡಿ" ಅಂದೆ. "ಪೇಂಟಂತೂ ಬೇಡವೇ ಬೇಡ. ಕಿಕ್ ಹೊಡೆದು ನೋಡುವುದೂ ಬೇಡ, ಒಳಗೆ ಏನು ಹಿಡಿದುಕೊಂಡಿದೆಯೋ. ಎಡಗಡೆ, ಸಿಲಿಂಡರಿನ ಬುಡದ ಹತ್ತಿರ ಒಂದು ನಂಬರು ಹೊಡೆದಿರುತ್ತೆ. ಬಟ್ಟೆಯಲ್ಲಿ ಅಷ್ಟೇ ಜಾಗ ಮೆಲ್ಲಗೆ ಒರೆಸಿ ಫೋಟೋ ತೆಗೆಯಿರಿ. ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಮೇಲೂ ಒಂದು ನಂಬರು ಇರುತ್ತೆ, ಅದನ್ನೂ ತೆಗೆಯಿರಿ. ಆಮೇಲೆ ಅಜ್ಜಿ ಹತ್ತಿರ ಕೂತು, ಅವರ ಮನೆಯವರು ಕಾಗದ ಪತ್ರ ಇಡುತ್ತಿದ್ದ ಬೀರು ತೆಗೆಸಿ. ಮಡಚಿದ ರಟ್ಟಿನ ಸಣ್ಣ ಪುಸ್ತಕ ಇದ್ದರೆ ಅದನ್ನು ಎತ್ತಿಡಿ. ಐನೂರು ಕೊಡ್ತೀನಿ ಅಂದವರಿಗೆ ಮಗ ಬರುವವರೆಗೂ ಕಾಯಬೇಕು ಅಂತ ಹೇಳಿ."

"ಅವರಿಗೆ ಮಗ ಇಲ್ಲ ಸಾರ್."

"ಹಾಗಾದರೆ ನಾನೇ ಬರುತ್ತೇನೆ" ಅಂದೆ. ಶನಿವಾರಕ್ಕೆ ಹೊರಟಿದ್ದೇನೆ, ಜೇಬಿನಲ್ಲಿ ಟಾರ್ಚು ಇಟ್ಟುಕೊಂಡು.